ಕಾಲು ನೆಲಕ್ಕೆ ತಾಗಬಾರದು

ಸ್ಕೂಟರ್ ಹೊಡೆಯುವುದು ಒಂದು ವಿದ್ಯೆಯೇ ಅಲ್ಲ ಎಂದುಕೊಂಡಿದ್ದವಳು ನಾನು. ರಾಯಚೂರಿನ ರಸ್ತೆಗಳಲ್ಲಿ ಯಾರ್ಯಾರು ಹೊಡೆಯುತ್ತಾರೆ ನೋಡಿ. ಕಾಲೇಜಿನ ಹುಡುಗಿಯರು ಮುಖಕ್ಕೆ ಓಢಣಿ ಸುತ್ತಿಕೊಂಡು ಬಿಸಿಲಿನಲ್ಲಿ ಸುಂಯ್ ಅಂತ ಹೋಗುತ್ತಾರೆ. ತರಕಾರಿಯವರು ಮುಂದೊಂದು ಮೂಟೆ ಹಿಂದೊಂದು ಮೂಟೆ ಹೇರಿಕೊಂಡು ನಡುವೆ ತಾವೊಂದು ಮೂಟೆಯಾಗಿ ಕೂತು ಹೋಗುತ್ತಾರೆ. ಒಂದೇ ಗಾಡಿಯ ಮೇಲೆ ಅಜ್ಜಿಯಿಂದ ಕೂಸಿನವರೆಗೆ ಇಡೀ ಸಂಸಾರ ಸಾಗುತ್ತದೆ. ಅವರಲ್ಲಿ ಎಷ್ಟು ಮಂದಿಯ ಹತ್ತಿರ ಲೈಸೆನ್ಸ್ ಇದೆಯೋ ದೇವರೇ ಬಲ್ಲ. ನನಗೆ ಮಾತ್ರ ಅದಿಲ್ಲದೆ ಗತಿ ಇರಲಿಲ್ಲ. ನನಗೆ ಸಿಕ್ಕಿದ್ದ ಕೆಲಸ ಅದರ ಮೇಲೆ ನಿಂತಿತ್ತು.

ನಾನು ನರ್ಸು. ರಾಯಚೂರಿನಲ್ಲಿ ಓದಿ, ಅಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವಳು. ದೇವದುರ್ಗದ ಕಡೆಯ ದೊಡ್ಡಿಗಳಿಂದ ನಮ್ಮಲ್ಲಿಗೆ ಹೆಂಗಸರು ಬರುತ್ತಿದ್ದರು. ದೊಡ್ಡಿ ಎಂದರೆ ಊರಲ್ಲ, ಹೊಲಗಳ ನಡುವೆ ನಾಲ್ಕಾರು ಮನೆ, ಒಂದೆರಡು ಬೇವಿನ ಗಿಡ, ಅಷ್ಟೇ. ಅಲ್ಲಿಗೆ ಬಸ್ಸೂ ಇಲ್ಲ, ಜೀಪೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ತರುತ್ತಿದ್ದರು. ಬಂದು ಮುಟ್ಟುವಷ್ಟರಲ್ಲಿ ಬಿ.ಪಿ. ಏರಿ ಕಣ್ಣು ಮಂಜಾಗಿರುತ್ತಿತ್ತು. ಒಂದು ವಾರ ಮೊದಲು ಯಾರಾದರೂ ಹೋಗಿ ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ನಾವು ನಾವೇ ಗೊಣಗಿಕೊಳ್ಳುತ್ತಿದ್ದೆವು. ಆ ‘ಯಾರಾದರೂ’ ಆಗುವ ಕೆಲಸಕ್ಕೆ ದೇವದುರ್ಗದಲ್ಲಿ ಅರ್ಜಿ ಕರೆದಾಗ ನಾನು ಹಾಕಿದೆ. ದೊಡ್ಡಿಯಿಂದ ದೊಡ್ಡಿಗೆ ಹೋಗಿ ಬಸುರಿಯರನ್ನು ನೋಡಿ ಬರುವ ಕೆಲಸ. ಗುತ್ತಿಗೆಯದೇ, ಆದರೂ ಸರ್ಕಾರದ್ದು. ಮೊದಲ ಆಯ್ಕೆ ನನ್ನದೇ ಆಯಿತು.

ಸಂದರ್ಶನದ ದಿನ ಅಲ್ಲಿನ ಹಿರಿಯ ಡಾಕ್ಟರು ಕೇಳಿದರು. ‘ಗಾಡಿ ಹೊಡ್ಯಾಕ ಬರ್ತದೇನವ್ವಾ?’

‘ಕಲೀತೀನ್ರಿ ಸರ್.’

‘ಗಾಡಿ ನಾವು ಕೊಡ್ತೀವಿ. ಆದ್ರ ಲೈಸೆನ್ಸ್ ಇಲ್ದಾಕಿಗೆ ಸರ್ಕಾರದ ಗಾಡಿ ಕೊಡಾಕ ಬರಂಗಿಲ್ಲ. ದೀಪಾವಳಿ ಒಳಗ ತಂದು ತೋರ್ಸು. ಆಗ್ಲಿಲ್ಲಂದ್ರ ನಿನ್ನ ಹಿಂದಿನಾಕಿನ್ನ ಕರೀಬೇಕಾಗ್ತದ, ಬ್ಯಾಸರ ಮಾಡ್ಕೋಬ್ಯಾಡ.’

ಆಗಿನ್ನೂ ಶ್ರಾವಣ. ದೀಪಾವಳಿ ಎಲ್ಲೋ ದೂರದಲ್ಲಿತ್ತು. ಬಸ್ಸಿನಲ್ಲಿ ವಾಪಸು ಬರುವಾಗಲೇ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ ನನ್ನನ್ನು ಓದಿಸಿದವನು. ಬೆನ್ನು ಸೋತ ಮೇಲೆ ಅದೇ ಗಿರಣಿಯ ಅಂಗಳ ಗುಡಿಸುತ್ತಾನೆ. ನಮ್ಮೂರು ಮಾನ್ವಿ ತಾಲೂಕಿನದು, ಕಾಲುವೆ ನೀರಿನ ಭತ್ತದ ಸೀಮೆ. ಗದ್ದೆ ಬೇರೆಯವರದು, ಅದರೊಳಗಿನ ಕೆಸರು ನಮ್ಮದು. ಅಂಥವನ ಮಗಳಿಗೆ ಸರ್ಕಾರದ ಕೆಲಸ ಎಂದರೆ ಕೇಳಬೇಕೇ? ಸಂಜೆಯೊಳಗೆ ಗಿರಣಿಯ ಎಲ್ಲ ಹಮಾಲರಿಗೂ ಚಹಾ ಕುಡಿಸಿದ್ದನಂತೆ. ‘ಇನ್ನೂ ಆಗಿಲ್ಲಪ್ಪಾ, ಲೈಸೆನ್ಸ್ ತೋರಿಸಬೇಕು’ ಎಂದು ನಾನು ಹೇಳಿದ್ದು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್. ಕಂಪ್ಯೂಟರಿನ ಮುಂದೆ ಕೂಡಿಸಿ ಪ್ರಶ್ನೆ ಕೇಳುತ್ತಾರೆ. ಕಿರಿದಾದ ಸೇತುವೆಯ ಹತ್ತಿರ ಬಂದಿದ್ದೀರಿ, ಎದುರಿನಿಂದ ಇನ್ನೊಂದು ವಾಹನ ಸೇತುವೆ ಹತ್ತುತ್ತಿದೆ, ಏನು ಮಾಡುತ್ತೀರಿ? ನಮ್ಮ ಕಡೆ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು, ಹಾರ್ನ್ ಹೊಡೆದು ನುಗ್ಗುತ್ತಾರೆ. ಆದರೆ ಉತ್ತರ ‘ಅದು ದಾಟುವವರೆಗೆ ಕಾಯುತ್ತೇನೆ’ ಎಂದು. ಮುಂದೆ ಜಾರುವ ರಸ್ತೆ, ಮುಂದೆ ಕಡಿದಾದ ಇಳಿಜಾರು ಎಂದೆಲ್ಲ ಫಲಕಗಳ ಚಿತ್ರ ಬಂದವು. ದೇವದುರ್ಗದ ದಾರಿಯಲ್ಲಿ ಅಂಥ ಒಂದು ಫಲಕವನ್ನೂ ಕಂಡವಳಲ್ಲ. ಆದರೇನು, ಮನುಷ್ಯನ ಮೈಯೊಳಗಿನ ಎಲುಬುಗಳ ಹೆಸರನ್ನೆಲ್ಲ ಉರು ಹೊಡೆದವಳಿಗೆ ಇದೇನು ಮಹಾ! ಎಲ್ಲವನ್ನೂ ಸರಿಯಾಗಿ ಒತ್ತಿ ಬಂದೆ. ಅಷ್ಟು ಸುಲಭಕ್ಕೆ ಆದದ್ದೇ ನನ್ನ ತಲೆ ತಿರುಗಿಸಿತು.

ಗಾಡಿ ಕಲಿಸಿದವರು ಆಪಾ. ನಮ್ಮ ವಾರ್ಡಿನ ಹಿರಿಯ ನರ್ಸು. ಡಾಕ್ಟರುಗಳೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ರಾಯಚೂರಿನಲ್ಲೇ ಹುಟ್ಟಿ ಬೆಳೆದವರು, ಕನ್ನಡದೊಳಗೆ ಉರ್ದು, ಉರ್ದುವಿನೊಳಗೆ ತೆಲುಗು ಸೇರಿಸಿ ಮಾತಾಡುವವರು. ಅವರದೊಂದು ಹಳೆಯ ಸ್ಕೂಟರು. ನಾನು ಬಾಡಿಗೆಗಿದ್ದ ಖೋಲಿಯ ಹಿಂದೆ ಒಂದು ಖಾಲಿ ಲೇಔಟ್ ಇತ್ತು. ಕಲ್ಲು ನೆಟ್ಟು ಎಷ್ಟೋ ವರ್ಷವಾಗಿದ್ದರೂ ಒಂದು ಮನೆಯೂ ಎದ್ದಿರಲಿಲ್ಲ, ಜಾಲಿ ಮಾತ್ರ ಎದ್ದಿತ್ತು. ಬೆಳಗ್ಗೆ ಪಾಳಿ ಮುಗಿಸಿ ಬಂದು ಆಪಾ ಅಲ್ಲಿ ಸುಣ್ಣದ ಪುಡಿಯಿಂದ ಇಂಗ್ಲಿಷಿನ ಎಂಟು ಬರೆದರು. ಲೈಸೆನ್ಸ್ ಪರೀಕ್ಷೆ ಎಂದರೆ ಆ ಎಂಟೇ. ಅದರ ಗೆರೆ ದಾಟಬಾರದು, ಗಾಡಿ ನಿಲ್ಲಬಾರದು, ಕಾಲು ನೆಲಕ್ಕೆ ತಾಗಬಾರದು.

ಮೊದಲ ದಿನವೇ ಜಾಲಿಯೊಳಗೆ ನುಗ್ಗಿದೆ. ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾದವು. ಆಪಾ ಮುಳ್ಳು ಕಿತ್ತು, ಗಾಡಿ ಎತ್ತಿ, ನನ್ನನ್ನು ಮತ್ತೆ ಕೂಡಿಸಿದರು.

‘ಬೇಟಾ, ನೆಲ ಯಾಕ ನೋಡ್ತಿ? ನೆಲ ಎಲ್ಲಿಗೂ ಓಡಿ ಹೋಗಂಗಿಲ್ಲ. ಹೋಗೋ ಕಡಿ ನೋಡು.’

ಅವರ ಪಾಠ ಅಷ್ಟೇ. ಹಿಂದಿನ ಬ್ರೇಕನ್ನು ಸ್ವಲ್ಪವೇ ಹಿಡಿದು ಎಕ್ಸಲರೇಟರನ್ನು ಸ್ವಲ್ಪವೇ ತಿರುವಿದರೆ ಗಾಡಿ ನಡೆಯುವ ಎಮ್ಮೆಯ ಹಾಗೆ ನಿಧಾನಕ್ಕೆ ತಿರುಗುತ್ತದೆ. ಬಲಕ್ಕೆ ಬೇಗ ಬಂತು, ಎಡಕ್ಕೆ ಬರಲು ತಡವಾಯಿತು. ಮಹಾನವಮಿ ಬರುವಷ್ಟರಲ್ಲಿ ಕಣ್ಣು ಮುಚ್ಚಿದರೂ ಎಂಟು ಬರುತ್ತಿತ್ತು. ‘ಹೋಗು, ನೀ ಪಾಸ್’ ಎಂದು ಆಪಾ ಪರೀಕ್ಷೆಗೆ ಮೊದಲೇ ಪಾಸು ಮಾಡಿದರು.

ಪರೀಕ್ಷೆಯ ಮೈದಾನದಲ್ಲಿ ಒಂದು ಹೆಲ್ಮೆಟ್ಟು ಎಲ್ಲರ ತಲೆಯ ಮೇಲೂ ತಿರುಗುತ್ತಿತ್ತು. ಒಬ್ಬ ಎಂಟು ಮುಗಿಸಿ ಬಂದು ತೆಗೆದದ್ದೇ ತಡ, ಮುಂದಿನವನು ಕಿತ್ತುಕೊಂಡು ಹಾಕಿಕೊಳ್ಳುತ್ತಿದ್ದ. ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ನನ್ನದೇ ಹೊಸದನ್ನು ಕೊಂಡು ತಂದಿದ್ದೆ. ನಾನು ಎಲ್ಲದಕ್ಕೂ ಸಿದ್ಧಳಾಗಿದ್ದೆ ಎಂದು ಹೇಳಲು ಇದನ್ನು ಹೇಳುತ್ತಿದ್ದೇನೆ. ಪರೀಕ್ಷೆ ಮಾಡುವ ಸಾಹೇಬರು ವಯಸ್ಸಾದವರು, ಬಿಳಿ ಮೀಸೆ, ಇಸ್ತ್ರಿ ಮುರಿಯದ ಅಂಗಿ. ಎಂಟಿನ ಸೊಂಟ ಎಲ್ಲಿದೆಯೋ ಅದರ ಪಕ್ಕದಲ್ಲೇ ಬೇವಿನ ಗಿಡದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯೂರಿ ಕೂತಿದ್ದರು. ಅವರ ಮುಂದೆಯೇ ಹಾದು ಹೋಗಬೇಕು, ಸುತ್ತಿ ಬಂದು ಮತ್ತೆ ಅವರ ಮುಂದೆಯೇ ಹಾಯಬೇಕು.

‘ಕಾಲು ಮಾತ್ರ ನೆಲಕ್ಕ ಹತ್ತಬಾರದು ನೋಡವ್ವಾ’ ಎಂದರು ಸಮಾಧಾನದಿಂದಲೇ. ‘ಹತ್ತಿದ್ರ ನಾ ಏನೂ ಮಾಡಾಕ ಬರಂಗಿಲ್ಲ, ಮ್ಯಾಲ ಕ್ಯಾಮೆರಾ ಅದ.’

ಹೊರಟೆ. ಸೊಂಟದ ಹತ್ತಿರ ಬರುತ್ತಲೇ ನನ್ನ ಎಡಗಾಲು ನೆಲದ ಮೇಲಿತ್ತು. ಗಾಡಿ ವಾಲಿರಲಿಲ್ಲ, ಕಲ್ಲು ಸಿಕ್ಕಿರಲಿಲ್ಲ. ಸಾಹೇಬರು ತಲೆ ಅಲ್ಲಾಡಿಸಿ ಮುಂದಿನವನನ್ನು ಕರೆದರು. ಒಂದು ವಾರ ಬಿಟ್ಟು ಮತ್ತೆ ಬರಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅಂದೆ. ಮೈದಾನದ ಗರಸು ಮಣ್ಣು ಸರಿ ಇಲ್ಲ, ಹೊಸ ಹೆಲ್ಮೆಟ್ಟು ಕಿವಿ ಒತ್ತುತ್ತಿತ್ತು, ಚೂಡಿದಾರದ ಕಾಲು ಸಿಕ್ಕಿಕೊಂಡಿತು ಎಂದೆ. ಆಪಾ ‘ಹೌದೌದು’ ಎನ್ನುತ್ತ ಒಂದು ವಾರ ಮತ್ತೆ ಸುಣ್ಣ ಹಾಕಿದರು. ಲೇಔಟಿನಲ್ಲಿ ಒಂದು ಸಲವೂ ಕಾಲು ಇಳಿಯಲಿಲ್ಲ. ಎರಡನೆಯ ಪರೀಕ್ಷೆಗೆ ತಾವೂ ಬಂದು ಮೈದಾನದ ಸುತ್ತ ಕಟ್ಟಿದ ಹಗ್ಗದ ಹೊರಗೆ ನಿಂತರು. ನಾನು ಹೊರಟೆ, ಕುರ್ಚಿಯ ಮುಂದೆ ಬಂದೆ, ಅದೇ ಜಾಗದಲ್ಲಿ ಅದೇ ಎಡಗಾಲು ಇಳಿಯಿತು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಕಾಲನ್ನೇ ಹೊಡೆಯಬೇಕೆನ್ನಿಸಿತು.

ಹೊರಗೆ ಚಹಾದ ಡಬ್ಬಿ ಅಂಗಡಿಯಲ್ಲಿ ಆಪಾ ಎರಡು ಚಹಾ ಹೇಳಿದರು. ಆಮೇಲೆ ಕೇಳಿದರು.

‘ಬೇಟಾ, ನೀ ಬೀಳಾಕತ್ತಿದ್ದಿಲ್ಲ. ಗಾಡಿ ನೆಟ್ಟಗ ಇತ್ತು, ನಾ ನೋಡೀನಿ. ಸಾಹೇಬ್ರ ಮುಂದ ಬಂದ ಕೂಡ್ಲೆ ನೀನ ಬ್ರೇಕ್ ಹಿಡದಿ, ತಲಿ ತಗ್ಗಿಸಿದಿ, ಕಾಲು ಇಳಿಸಿದಿ. ಯಾರಿಗರ ದಾರಿ ಬಿಟ್ಟಂಗ. ಅವ್ರು ಏನರ ಅಂದ್ರೇನು?’

‘ಏನೂ ಅನ್ಲಿಲ್ರಿ ಆಪಾ.’

‘ಮತ್ತ್ಯಾಕ ಇಳೀತಿ?’

ಆ ಪ್ರಶ್ನೆಗೆ ಉತ್ತರ ನನಗೆ ಅಲ್ಲಿಯೇ, ಚಹಾದ ಲೋಟ ಕೈಯಲ್ಲಿರುವಾಗಲೇ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಎಂಟನೆಯ ತರಗತಿಗೆ ಬಂದಾಗ ಸರ್ಕಾರ ನಮಗೆಲ್ಲ ಸೈಕಲ್ ಕೊಟ್ಟಿತ್ತು. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋಗಬೇಕೆಂದರೆ ಊರ ನಡುವೆ ಹಾಯಬೇಕು. ದಾರಿಯಲ್ಲಿ ಅಗಸಿ ಕಟ್ಟೆ, ಅಂದರೆ ಊರಬಾಗಿಲಿನ ಜಗಲಿ, ಅದರ ಮೇಲೆ ಕೈಯೂರಿ ಕೂತ ಬಿಳಿ ಮೀಸೆಯ ಊರ ಹಿರಿಯರು. ಸೈಕಲ್ ಬಂದ ಮೊದಲ ದಿನ ಅಪ್ಪ ನನ್ನ ಜೊತೆ ನಡೆದು ಬಂದು ಕಟ್ಟೆಯ ಸ್ವಲ್ಪ ಹಿಂದೆ ಸೈಕಲ್ ಹಿಡಿದು ನಿಲ್ಲಿಸಿದ. ‘ಇಲ್ಲಿ ಇಳಿ. ಆ ಕಡಿ ಹೋದ ಮ್ಯಾಲ ಹತ್ತು. ಇಳದು ನಡದ್ರ ಕಾಲೇನು ಸವ್ಯಂಗಿಲ್ಲ’ ಎಂದ. ನಮ್ಮ ಕೇರಿಯ ಎಲ್ಲರೂ ಇಳಿಯುತ್ತಿದ್ದರು. ಅಪ್ಪ ಮೇವಿನ ಹೊರೆ ಕಟ್ಟಿದ ಸೈಕಲ್ಲಿನಿಂದ ಇಳಿಯುತ್ತಿದ್ದ. ಕಟ್ಟೆಯ ಮೇಲಿನವರು ಯಾರೂ ನನಗೆ ಎಂದೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆಡುವ ಅಗತ್ಯವೇ ಬಿದ್ದಿರಲಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೈಸ್ಕೂಲು ಮುಗಿಯುವವರೆಗೆ ನಾನು ಇಳಿದೆ. ಬ್ರೇಕು, ತಗ್ಗಿದ ತಲೆ, ಎಡಗಾಲು.

ಈಗ ನಮ್ಮೂರಿನಲ್ಲಿ ಯಾರೂ ಇಳಿಯುವುದಿಲ್ಲ. ನಮ್ಮ ಕೇರಿಯ ಹುಡುಗರು ಬೈಕಿನ ಮೇಲೆ ಮೂವರು ಕೂತು ಹಾರ್ನ್ ಬಾರಿಸಿಕೊಂಡು ಹೋಗುತ್ತಾರೆ, ಕಟ್ಟೆಯ ಮೇಲಿನವರು ಮೊಬೈಲಿನಿಂದ ಕಣ್ಣು ಕೂಡ ಎತ್ತುವುದಿಲ್ಲ. ನಾನೂ ಅದನ್ನು ಮರೆತಿದ್ದೆ. ಮರೆತಿದ್ದೆ ಎಂದುಕೊಂಡಿದ್ದೆ. ವಾರ್ಡಿನಲ್ಲಿ ದೊಡ್ಡ ದೊಡ್ಡ ಡಾಕ್ಟರಿಗೆ ಎದುರು ಮಾತಾಡಿದವಳು, ಬಾಯಿ ಜೋರು ಎಂದು ಹೆಸರು ಪಡೆದವಳು ನಾನು. ನನ್ನ ಬಾಯಿ ಎಲ್ಲವನ್ನೂ ಕಲಿತಿತ್ತು. ಕಾಲು ಮಾತ್ರ ಇನ್ನೂ ಎಂಟನೆಯ ತರಗತಿಯಲ್ಲೇ ಇತ್ತು. ಬಿಳಿ ಮೀಸೆಯ ಒಬ್ಬ ಹಿರಿಯರು ಕೈಯೂರಿ ಕೂತದ್ದು ಕಂಡರೆ ಸಾಕು, ನನ್ನನ್ನು ಒಂದು ಮಾತೂ ಕೇಳದೆ ಇಳಿದುಬಿಡುತ್ತಿತ್ತು. ಆಪಾಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ಚಹಾ ತಣ್ಣಗಾಗಿತ್ತು. ಅವರು ನನ್ನ ಕೈ ಹಿಡಿದುಕೊಂಡರು.

ಕಾರಣ ಗೊತ್ತಾದರೆ ರೋಗ ವಾಸಿಯಾಗುತ್ತದೆ ಎಂಬುದು ಸುಳ್ಳು. ಗೊತ್ತಾದ ಮೇಲೆ ನನ್ನ ಸ್ಥಿತಿ ಇನ್ನಷ್ಟು ಕೆಟ್ಟಿತು. ರಸ್ತೆಯ ಪಕ್ಕದಲ್ಲಿ ಯಾರಾದರೂ ಹಿರಿಯರು ಕೂತದ್ದು ಕಂಡರೆ ಕಾಲಿನ ಕಡೆಗೇ ಗಮನ ಹೋಗುತ್ತಿತ್ತು. ಕಾಲಿಗೆ ಬೈದೆ, ಬುದ್ಧಿ ಹೇಳಿದೆ. ಒಂದು ದಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಯಾರ ಮೇಲೆ ಸಿಟ್ಟಾಗಬೇಕು? ಕಟ್ಟೆಯ ಮೇಲಿನವರಲ್ಲಿ ಅರ್ಧ ಮಂದಿ ಸತ್ತೇ ಹೋಗಿದ್ದಾರೆ. ಅಪ್ಪನ ಮೇಲೆ ಸಿಟ್ಟಾಗಲೇ? ನನಗೆ ಯಾರೂ ಬಯ್ಯಬಾರದೆಂದು ಇಳಿಸಿದವನು ಅವನು. ಆ ಸಾಹೇಬರಂತೂ ಪಾಪ, ನೆರಳಿಗೆ ಕೂತಿದ್ದರು ಅಷ್ಟೇ. ದೇವದುರ್ಗದ ಡಾಕ್ಟರು ಫೋನು ಮಾಡಿ ‘ಏನಾತವ್ವಾ?’ ಎಂದು ಕೇಳಿದಾಗ ‘ಬರೋ ವಾರ ಆಗ್ತದ್ರಿ’ ಎಂದೆ. ಬರುವ ವಾರದ ಪರೀಕ್ಷೆಯೇ ಕೊನೆಯದು. ಅದು ತಪ್ಪಿದರೆ ಇನ್ನೊಂದು ಪರೀಕ್ಷೆ ಸಿಗುವುದು ದೀಪಾವಳಿಯ ಆಚೆಗೆ.

ಆ ಭಾನುವಾರ ಅಪ್ಪ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ರಾಯಚೂರಿಗೆ ಬಂದ. ಎರಡು ಸಲ ಫೇಲಾದದ್ದು ಅವನಿಗೆ ಗೊತ್ತಿತ್ತು, ಯಾಕೆಂದು ಹೇಳಿರಲಿಲ್ಲ. ಆಪಾಗೆ ಒಂದು ಉಪಾಯ ಹೊಳೆಯಿತು. ನನ್ನ ಖೋಲಿಯ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದು ಎಂಟಿನ ಸೊಂಟದ ಪಕ್ಕ ಇಟ್ಟು ಅಪ್ಪನನ್ನು ಕರೆದರು.

‘ಬರ್ರಿ ಅಣ್ಣಾ, ಕುಂದರ್ರಿ. ಇವತ್ತು ನೀವು ಸಾಹೇಬ್ರು.’

‘ಬ್ಯಾಡ ಬಿಡ್ರಿ ಯವ್ವಾ, ನಾ ಇಲ್ಲೇ ನಿಂದರ್ತೀನಿ.’

‘ನಿಂತ್ರ ಕೆಲಸ ಆಗಂಗಿಲ್ಲ. ನೀವು ಕುಂತೇ ಇರ್ಬೇಕು, ನಿಮ್ಮ ಮಗಳು ನಿಮ್ಮ ಮುಂದ ಇಳೀಲಾರ್ದ ಹೋಗ್ಬೇಕು.’

ಅಪ್ಪ ಕೂತ. ಕೂತ ಎನ್ನುವುದಕ್ಕಿಂತ ಕುರ್ಚಿಯ ಅಂಚಿಗೆ ಅಂಟಿಕೊಂಡ ಎನ್ನಬೇಕು. ನಾನು ಗಾಡಿ ಹತ್ತಿರ ತರುತ್ತಲೇ ಎದ್ದು ನಿಂತ. ‘ಅಣ್ಣಾ!’ ಎಂದರು ಆಪಾ. ಕೂತ. ನಾನು ಸುತ್ತಿ ಬಂದೆ, ಮತ್ತೆ ಎದ್ದ. ಎದ್ದೇಳಬಾರದೆಂದು ಆಪಾ ಅವನ ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟರು. ಗಂಟನ್ನು ಎದೆಗೆ ಅವುಚಿಕೊಂಡು ಎದ್ದ.

‘ಯಪ್ಪಾ, ಯಾಕ ಏಳ್ತಿ?’ ಎಂದು ಕೂಗಿದೆ.

‘ನನಗೇನ್ ಗೊತ್ತು ಬೇ’ ಎಂದ ಅಪ್ಪ, ನಿಜಕ್ಕೂ ತಬ್ಬಿಬ್ಬಾಗಿ. ‘ಗಾಡಿ ಬರೂದು ಕಂಡ್ರ ಕುಂದ್ರಾಕ ಆಗವಲ್ದು. ಮಾಲಕರ ಗಾಡಿ ಗಿರಣಿ ಒಳಗ ಬಂದಾಗ ಎದ್ದು ಎದ್ದು ಹಂಗ ಆಗಿಬಿಟ್ಟದ.’

ನಾವು ಮೂವರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಳಿಯುವ ಮಗಳು, ಏಳುವ ಅಪ್ಪ. ಕಡೆಗೆ ಆಪಾ ತಾವೇ ಕಪ್ಪು ಕನ್ನಡಕ ಹಾಕಿಕೊಂಡು ಕೂತು ‘ಏಯ್, ಇಳೀಲೇ ಕೆಳಗ!’ ಎಂದು ಗಂಡು ದನಿಯಲ್ಲಿ ಗದರಿಸಿದರು. ಅವರ ಮುಂದೆ ನನ್ನ ಕಾಲು ಇಳಿಯಲಿಲ್ಲ. ಗದರಿಸಿದರೆ ಇಳಿಯುವ ಕಾಲೇ ಅಲ್ಲ ಅದು, ಸುಮ್ಮನೆ ಕೂತವರನ್ನು ಕಂಡರೆ ಇಳಿಯುವುದು. ರೊಟ್ಟಿ ತಿನ್ನುವಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕಟ್ಟೆಯನ್ನೂ, ಕುರ್ಚಿಯನ್ನೂ. ಅಪ್ಪ ಮುರಿದ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟ.

‘ನಾನ ಇಳಸಿದ್ದೆ’ ಎಂದ. ‘ಈಗ ನಾನ ಹೇಳ್ತೀನಿ, ಇಳೀಬ್ಯಾಡ. ಯಾರ ಮುಂದೂ ಇಳೀಬ್ಯಾಡ.’

ಪರೀಕ್ಷೆಗೆ ತಾನೂ ಬರುತ್ತೇನೆ ಎಂದ. ಬೇಡ ಎಂದೆ. ನೀ ಬಂದರೆ ನನಗೆ ಇನ್ನಷ್ಟು ಗಾಬರಿ, ಗಿರಣಿಗೆ ಹೋಗು ಎಂದು ಗದರಿಸಿಯೇ ಬಸ್ಸು ಹತ್ತಿಸಿದೆ.

ಮೂರನೆಯ ಪರೀಕ್ಷೆಯ ದಿನ ನನ್ನ ಸರದಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಅದೇ ಬೇವಿನ ಗಿಡ, ಅದೇ ಕುರ್ಚಿ. ಹೆಲ್ಮೆಟ್ಟು ಹಾಕಿಕೊಳ್ಳುವಾಗ ನೋಡಿದೆ, ಹಗ್ಗದ ಹೊರಗೆ ಜನರ ಹಿಂದೆ ಅಪ್ಪ ನಿಂತಿದ್ದ. ತೊಳೆದ ಧೋತರ, ತಲೆಗೆ ರುಮಾಲು. ಮದುವೆ ಮುಂಜಿಗೆ ಹೋಗುವವರ ಹಾಗೆ ಬಂದಿದ್ದ. ನಾನು ನೋಡಿದೆನೆಂದು ಗೊತ್ತಾಗಿ ಒಂದು ಕಂಬದ ಮರೆಗೆ ಸರಿದ. ಕೂಗಿ ಕಳಿಸುವ ಹೊತ್ತಲ್ಲ. ನಾನು ಗಾಡಿ ಚಾಲೂ ಮಾಡಿದೆ.

ಆ ದಿನ ನಾನು ಸಾಹೇಬರ ಮುಖ ನೋಡಿಕೊಂಡೇ ಹೋದೆ. ಅದು ನಾನೇ ಮಾಡಿಕೊಂಡ ಉಪಾಯ. ಕಟ್ಟೆಯ ಮುಂದೆ ನಾನು ಎಂದೂ ಮುಖ ನೋಡಿದವಳಲ್ಲ, ಮುಖ ನೋಡಿದರೆ ಇದು ಕಟ್ಟೆಯಲ್ಲ ಎಂದು ಕಾಲಿಗೆ ತಿಳಿದೀತು ಎಂದುಕೊಂಡಿದ್ದೆ. ಸಾಹೇಬರ ಕೆನ್ನೆಯ ಮೇಲೊಂದು ನರೂಲಿ ಇತ್ತು. ಅದನ್ನೇ ನೋಡುತ್ತ ಹೋದೆ. ಎಡಗಾಲು ಹಗುರಾದಂತೆ, ಇಳಿಯಲು ಹೊಂಚುತ್ತಿರುವಂತೆ ಅನ್ನಿಸಿತು. ಹಲ್ಲು ಕಚ್ಚಿ ಹಿಡಿದೆ. ದಾಟಿದೆ. ಕಾಲು ಗಾಡಿಯ ಮೇಲೆಯೇ ಇತ್ತು. ಹಗ್ಗದ ಹೊರಗಿನಿಂದ ಆಪಾ ‘ಶಾಬಾಸ್!’ ಎಂದು ಕೂಗಿದ್ದು ಕೇಳಿಸಿತು. ಮೇಲಿನ ಸುತ್ತು ತಿರುಗುವಾಗ ನನಗೆ ನಗು ಬರುತ್ತಿತ್ತು. ದೇವದುರ್ಗ, ದೊಡ್ಡಿಗಳು, ಹೊಲದ ನಡುವಿನ ದಾರಿ, ಎಲ್ಲ ನನ್ನದೇ ಅನ್ನಿಸಿತು. ಇನ್ನೊಂದು ಸಲ ಅವರ ಮುಂದೆ ಹಾಯ್ದರೆ ಮುಗಿಯಿತು.

ತಿರುಗಿ ಸೊಂಟದ ಕಡೆ ಬಂದಾಗ ಕುರ್ಚಿಯ ಪಕ್ಕ ಅಪ್ಪ ಇದ್ದ. ಯಾವಾಗ ಹಗ್ಗದ ಕೆಳಗೆ ನುಸುಳಿ ಬಂದನೋ ಗೊತ್ತಿಲ್ಲ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬೆನ್ನು ಬಾಗಿಸಿ, ಸಾಹೇಬರ ಕಡೆಗೆ ಎರಡೂ ಕೈ ಮುಗಿದು ನಿಂತಿದ್ದ. ಸಾಹೇಬರು ಅವನನ್ನು ನೋಡಿಯೇ ಇರಲಿಲ್ಲ, ಅವರ ಕಣ್ಣು ನನ್ನ ಗಾಡಿಯ ಮೇಲಿತ್ತು. ಅವನ ತುಟಿ ಅಲ್ಲಾಡುತ್ತಿತ್ತು. ಕೂತವರೊಬ್ಬರು, ಬಾಗಿದವನೊಬ್ಬ, ನಾನು ಇಬ್ಬರ ಮುಂದೆಯೂ ಗಾಡಿಯ ಮೇಲೆ ಕೂತು ದಾಟಬೇಕಿತ್ತು. ನನ್ನಿಂದ ಆಗಲಿಲ್ಲ. ಅಪ್ಪನನ್ನು ಹಾಗೆ ಬಿಟ್ಟು ಹಾಯ್ದು ಹೋಗಲು ಆಗಲಿಲ್ಲ. ಕಾಲು ತಾನಾಗಿ ಇಳಿಯಿತೋ ನಾನೇ ಇಳಿಸಿದೆನೋ ಇವತ್ತಿಗೂ ಹೇಳಲಾರೆ. ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೋಗಿ ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದೆ.

ಸಾಹೇಬರು ಎದ್ದೇ ನಿಂತರು. ‘ಯಾಕವ್ವಾ? ಮುಗದೇ ಹೋಗಿತ್ತಲ್ಲ! ಇನ್ನೊಂದಿಷ್ಟು ದೂರ ಇತ್ತು.’

ಅವರು ಕ್ಯಾಮೆರಾದ ಕಡೆ ನೋಡಿದರು, ನನ್ನ ಕಡೆ ನೋಡಿದರು. ‘ನಾ ಏನ್ ಮಾಡ್ಲಿ ಹೇಳು’ ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

ಆಪಾ ಅಪ್ಪನನ್ನು ಕರೆದುಕೊಂಡು ಚಹಾದ ಅಂಗಡಿಗೆ ಹೋದರು. ನಾನು ಗೋಡೆಯ ಪಕ್ಕ ನಿಂತು ದೇವದುರ್ಗಕ್ಕೆ ಫೋನು ಮಾಡಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ‘ನಾ ಕಾಯೂವಷ್ಟು ಕಾಯ್ದೆ ತಂಗಿ. ಇವತ್ತ ಆಕಿಗೆ ಫೋನ್ ಮಾಡ್ತೀನಿ. ಆ ಹೆಣ್ಮಗಳ ಹತ್ರ ಲೈಸೆನ್ಸ್ ಅದ’ ಎಂದರು. ಸರಿ ಸರ್ ಎಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ತುಟಿಯವರೆಗೂ ಬಂದಿತ್ತು. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ಮಾನ್ವಿಯ ಬಸ್ಸಿಗೆ ನಾನೂ ಹತ್ತಿದೆ. ಹೆಂಗಸರಿಗೆ ದುಡ್ಡಿಲ್ಲದ ಬಸ್ಸು, ಕಾಲಿಡಲು ಜಾಗವಿರಲಿಲ್ಲ. ಹೇಗೋ ಹಿಂದೆ ಇಬ್ಬರಿಗೂ ಸೀಟು ಸಿಕ್ಕಿತು. ಕಂಡಕ್ಟರು ಬಂದಾಗ, ಅವನು ಕೇಳದಿದ್ದರೂ ಅಪ್ಪ ಹೇಳಿದ. ‘ನನ್ನ ಮಗಳ್ರೀ, ನರ್ಸ. ದೇವದುರ್ಗದಾಗ ನೌಕರಿ ಆಗ್ಯದ.’ ಕಂಡಕ್ಟರು ಚಲೋ ಆತು ಬಿಡ್ರಿ ಎಂದು ಮುಂದೆ ಹೋದ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಊರು ಹಿಂದೆ ಬಿದ್ದು, ಬಹಳ ಹೊತ್ತಾದ ಮೇಲೆ ಕಾಲುವೆಯ ಸೀಮೆ ಬಂತು, ತೆನೆ ತುಂಬಿದ ಭತ್ತ ಕಾಣಿಸಿತು. ಕೆಲಸ ಹೋಯಿತೆಂದು ಅವನಿಗೆ ಹೇಗೆ ಹೇಳುವುದು, ಹೇಳಿದರೆ ಯಾಕೆ ಗಾಡಿ ನಿಲ್ಲಿಸಿದೆ ಎಂದು ಕೇಳುತ್ತಾನೆ, ಅದಕ್ಕೇನು ಹೇಳುವುದು. ಇದನ್ನೇ ಯೋಚಿಸುತ್ತಿದ್ದೆ.

‘ಯವ್ವಾ’ ಎಂದ ಅಪ್ಪ, ಸುತ್ತಲಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ. ‘ಮೊದಲನೇ ಸುತ್ತಿಗೆ ನೀ ಸಾಹೇಬ್ರನ್ನ ದಾಟಿದಿ ನೋಡು, ಅವಾಗ ನಾ ಹೊರಗ ನಿಂತು ಅವ್ರಿಗೆ ಕೈ ಮುಗೀತಿದ್ದೆ. ಅದಕ್ಕ ದಾಟಿದಿ. ಆಮ್ಯಾಲ ಅನಸ್ತು, ಅಷ್ಟು ದೂರ ನಿಂತ್ರ ಅವ್ರಿಗೆ ಕಾಣಂಗಿಲ್ಲಂತ. ಅದಕ್ಕ ಒಳಗ ಬಂದೆ. ಬರೂದು ಸ್ವಲ್ಪ ತಡಾ ಆತು.’

ನಾನು ಅವನ ಕಡೆ ನೋಡಿದೆ. ಅವನ ಮುಖದಲ್ಲಿ ಸೋತ ಕಳೆಯೇ ಇರಲಿಲ್ಲ. ಒಂದು ಗುಟ್ಟು ಸಿಕ್ಕವನ ಹಾಗೆ ಇದ್ದ.

‘ನೀ ಏನೂ ಚಿಂತಿ ಮಾಡಬ್ಯಾಡ’ ಎಂದು ನನ್ನ ಮೊಣಕಾಲು ತಟ್ಟಿದ. ‘ಮುಂದಿನ ಸಲ ನೀ ಗಾಡಿ ಹತ್ತೂದಕ್ಕೂ ಮೊದಲ ಹೋಗಿ ನಾ ಅವ್ರ ಕಾಲು ಹಿಡಕೊಂಡು ಬಿಡ್ತೀನಿ.’

‘ಹೂಂ’ ಎಂದೆ.